ಪಂಚಾಯಿತಿಯಲ್ಲಿ ತುಂಬಿದ ಉಡಿ

ಶರಣಮ್ಮ ಪಂಚಾಯಿತಿಗೆ ಆರಿಸಿ ಬಂದಾಗ ನಕ್ಕವರೇ ಹೆಚ್ಚು. ಯಾದಗಿರಿ ಕಡೆಯಿಂದ ಇಟ್ಟಿಗೆ ಹೊರಲು ಬಂದವಳು, ಆಡುವ ಮರಾಠಿಯಲ್ಲಿ ಅರ್ಧ ಕನ್ನಡವೇ. ನಕ್ಕವರ ಬಾಯಿಗೆ ಮಣ್ಣು ಬೀಳಲಿ! ಮರಾಠಿ ಸೀಮೆಯ ಚಾಕಣದ ಪಕ್ಕದ ನಮ್ಮೂರಿಗೆ ಅಂಥ ಮೆಂಬರು ಆಮೇಲೆ ಸಿಕ್ಕಿಲ್ಲ. ಪಕ್ಕದ ಮನೆಯವಳು ನಾನು, ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದೇನೆ.

ಎರಡು ಸಾವಿರದ ಎಂಟರ ಮಾತು. ಊರ ಜಗಳ ಬಗೆಹರಿಸಲು ಪಂಚಾಯಿತಿ ಮಾಡಿದ್ದ ತಂಟಾಮುಕ್ತಿ ಸಮಿತಿಯಲ್ಲಿ ಶರಣಮ್ಮನೂ ಇದ್ದಳು. ಆಗಲೇ ನಮ್ಮ ಓಣಿಯ ದುರ್ಗಾ, ಕಾರ್ಖಾನೆಯಲ್ಲಿ ಜೊತೆಗೆ ದುಡಿಯುತ್ತಿದ್ದ ಬೇರೆ ಜಾತಿಯ ದೇವಾನಂದನನ್ನು ರಿಜಿಸ್ಟರ್ ಮದುವೆಯಾದಳು. ಅವಳಪ್ಪ ಈರಬಸಪ್ಪ ಗಾರೆ ಮೇಸ್ತ್ರಿ, ಮಾನದ ಮಾತೆತ್ತಿದರೆ ಉರಿದು ಬೀಳುವವ. ಮಗಳು ಓಣಿಗೆ ಕಾಲಿಟ್ಟರೆ ಕಡಿಯುತ್ತೇನೆಂದು ಕುಡುಗೋಲು ಮಸೆದು ಹೊಸ್ತಿಲಲ್ಲಿ ಕೂತ.

ಶರಣಮ್ಮ ಅವನಿಗೆ ಬುದ್ಧಿ ಹೇಳುತ್ತ ಕೂರಲಿಲ್ಲ. ಪಂಚಾಯಿತಿ ಅಧ್ಯಕ್ಷರಾದ ಸರಪಂಚರನ್ನು ಹೊರಡಿಸಿಕೊಂಡು ನೇರ ಠಾಣೆಗೆ ಹೋದಳು. ಪೊಲೀಸರು ಈರಬಸಪ್ಪನಿಂದ ಮುಚ್ಚಳಿಕೆ ಬರೆಸಿಕೊಂಡರು, ಕುಡುಗೋಲು ಕಸಿದುಕೊಂಡರು. ದುರ್ಗಾ, ದೇವಾನಂದ ಇಬ್ಬರೂ ಸರಪಂಚರ ಮನೆಯಲ್ಲಿ ಉಳಿದರು. ಆದರೆ ಕುಡುಗೋಲು ಹೋದರೆ ಸಿಟ್ಟು ಹೋಗುತ್ತದೆಯೇ? ದುರ್ಗಾ ಅಂಗಳಕ್ಕೂ ಬರಲು ಹೆದರುತ್ತಿದ್ದಳು.

ಆಗ ಶರಣಮ್ಮ, ಭಾನುವಾರ ಪಂಚಾಯಿತಿ ಕಚೇರಿಯಲ್ಲೇ ದುರ್ಗಾಳಿಗೆ ಉಡಿ ತುಂಬುತ್ತೇವೆಂದು ಓಣಿಯಲ್ಲೆಲ್ಲ ಹೇಳಿ ಬಂದಳು. ಮದುವೆಯಾದ ಹುಡುಗಿಯ ಸೆರಗಿಗೆ ಅಕ್ಕಿ, ಕಾಯಿ, ಕುಬುಸದ ಬಟ್ಟೆ ಹಾಕಿ ಹರಸುವುದು ನಮ್ಮ ಪದ್ಧತಿ. ಮೊದಲ ಉಡಿ ಮಾತ್ರ ತವರಿನದೇ ಆಗಬೇಕು.

ಮರಾಠಿ ಹೆಂಗಸರು, ನಮ್ಮ ಕನ್ನಡದವರು ಎಲ್ಲ ತಟ್ಟೆ ಹಿಡಿದು ಬಂದರು. ಬಾಗಿಲಲ್ಲಿ ಪೊಲೀಸಪ್ಪ ಕೂತಿದ್ದ, ಆ ಧೈರ್ಯಕ್ಕೆ ದುರ್ಗಾಳೂ ಬಂದಿದ್ದಳು. ದುರ್ಗಾಳ ತಾಯಿ ನಾಗವ್ವ ಸೆರಗು ಮುಚ್ಚಿಕೊಂಡು ಮೂಲೆಯಲ್ಲಿ ನಿಂತಳು, ಗಂಡನ ಭಯಕ್ಕೆ ಮುಂದೆ ಬರಲಿಲ್ಲ. ಆ ಮಹಾರಾಯ ರಸ್ತೆಯಾಚೆ ಬೇವಿನ ಮರದಡಿ ಕೈಕಟ್ಟಿ ನಿಂತಿದ್ದ.

ಶರಣಮ್ಮ ಅವನಿಗೆ ಕೇಳುವ ಹಾಗೆಯೇ ದನಿ ಎತ್ತಿದಳು. "ತವರಿನವರು ಬರಲಿಲ್ಲಂದ್ರ ನಾನ ತವರಾಗ್ತೀನಿ. ಬಾರವ್ವ ದುರ್ಗಾ, ಉಡಿ ಒಡ್ಡು."

ನೋಡಬೇಕಿತ್ತು ಅವನ ಮುಖ! ಊರ ಮುಂದೆ ತನ್ನ ಮಗಳಿಗೆ ಇನ್ನೊಬ್ಬರು ತವರಾಗುವುದೆಂದರೆ ಅದಕ್ಕಿಂತ ಮಾನ ಹೋಗುವ ಮಾತುಂಟೇ? ನಿಲ್ಲಿಸಿರೆಂದು ಕೂಗಿ ಎದುರಿನ ಅಂಗಡಿಗೆ ನುಗ್ಗಿದ. ತೆಂಗಿನಕಾಯಿ ಹಿಡಿದು ಬಂದ. ಪೊಲೀಸಪ್ಪ ಅವನ ಜೇಬು, ಸೊಂಟ ಎಲ್ಲ ತಡವಿ ನೋಡಿಯೇ ಒಳಗೆ ಬಿಟ್ಟ.

"ನಾ ಬದುಕೀನಿ. ನನ್ನ ಮಗಳಿಗೆ ಮಂದಿ ಯಾಕ ತವರಾಗಬೇಕ್ರಿ?" ಎನ್ನುತ್ತ ಕಾಯಿ ಕೊಡಲು ಕೈ ಎತ್ತಿದ. ದುರ್ಗಾ ಕಣ್ಣು ಬಿಗಿದು ಮುಚ್ಚಿ, ಎರಡೂ ಕೈ ತಲೆಗೆ ಅಡ್ಡ ಹಿಡಿದಳು.

ಅದನ್ನು ಕಂಡು ಅವನ ಕೈ ಅಲ್ಲೇ ನಿಂತಿತು. ಮುಖದಲ್ಲಿದ್ದ ಸಿಟ್ಟೆಲ್ಲ ಇಳಿದುಹೋಯಿತು.

"ಅಂಜಬ್ಯಾಡವ್ವ," ಎಂದ, "ಕಾಯಿ ತಂದೀನಿ."

ನಾಗವ್ವ ಓಡಿಬಂದು ಮಗಳನ್ನು ತಬ್ಬಿಕೊಂಡಳು. ಆಮೇಲೆ ಅಕ್ಕಿಯನ್ನು ಬೊಗಸೆ ಬೊಗಸೆ ಸುರಿದಳು, ಸೆರಗು ಹಿಡಿಯಲಾರದೆ ಅಕ್ಕಿ ನೆಲಕ್ಕೆಲ್ಲ ಚೆಲ್ಲಿತು. ನಾವು ಅಳುತ್ತಿದ್ದೆವೋ ನಗುತ್ತಿದ್ದೆವೋ ನಮಗೇ ಗೊತ್ತಿರಲಿಲ್ಲ.

ಅಷ್ಟಾದರೂ ಶರಣಮ್ಮ ವರ್ಷವಿಡೀ ಈರಬಸಪ್ಪನ ಮನೆಯ ಮೇಲೊಂದು ಕಣ್ಣಿಟ್ಟಳು. ಪಂಚಮಿ ಹಬ್ಬಕ್ಕೆ ಮಗಳನ್ನು ತವರಿಗೆ ಕರೆಯಲು ಅವನು ಅವಳ ಮನೆಗೆ ಹೊರಟಾಗಲೂ ತಾನೂ ಬರುತ್ತೇನೆಂದು ಜೊತೆಗೆ ಹೋದಳು. ಬಾಗಿಲು ತೆರೆದ ದುರ್ಗಾ ಅಪ್ಪನ ಕೈಯಿಂದ ಹಬ್ಬದ ಸಿಹಿ ಉಂಡಿ ಗಂಟು ಇಸಿದುಕೊಂಡಳು. ಈ ಸಲ ಕಣ್ಣು ಮುಚ್ಚಲಿಲ್ಲ.