ಅಳತೆಯಕ್ಕನ ಹಣೆಗೆ ಬಡಿದ ಗೋಡೆ

ನನ್ನ ಅಕ್ಕನಿಗೆ ಬೀದಿಯವರು ಇಟ್ಟ ಹೆಸರು ಅಳತೆಯಕ್ಕ. ಅವಳ ಕೈಚೀಲದಲ್ಲಿ ಯಾವಾಗಲೂ ಒಂದು ಟೇಪು, ಒಂದು ಸ್ಟಾಪ್‌ವಾಚು, ಸೂಜಿಮೊನೆಯ ಒಂದು ಥರ್ಮಾಮೀಟರ್ ಇರುತ್ತಿದ್ದವು. ಟೇಪು ನನ್ನ ಕುತ್ತಿಗೆಯಲ್ಲೂ ಇರುತ್ತದೆ. ನಾನು ಶಾಲಾಮಕ್ಕಳ ಸಮವಸ್ತ್ರ ಹೊಲಿಯುವವಳು. ಆದರೆ ನನ್ನನ್ನು ಯಾರೂ ಹಾಗೆ ಕರೆಯಲಿಲ್ಲ. ನಾನು ಅಳೆಯುವುದು ತಾವಾಗಿ ಬಂದು ನಿಂತವರನ್ನು. ಅಕ್ಕ ಅಳೆಯುತ್ತಿದ್ದುದು ಕದ್ದುಮುಚ್ಚಿ, ಅದಕ್ಕೇ ಅವಳಿಗೆ ಸಂಬಳ ಕೊಡುತ್ತಿದ್ದರು.

ನಲವತ್ತಕ್ಕೂ ಹೆಚ್ಚು ದೇಶಗಳಲ್ಲಿ ಅಂಗಡಿ ತೆರೆದಿರುವ ಒಂದು ಕಾಫಿ ಮತ್ತು ಬನ್ನಿನ ಕಂಪನಿ ಅದು. ಅಂಗಡಿ ನಡೆಸುವವರು ಆಯಾ ಊರಿನವರೇ. ಬೋರ್ಡು, ಕುರ್ಚಿ, ಲೋಟ, ಹಾಡು, ಗಿರಾಕಿಯನ್ನು ಕಂಡ ಕೂಡಲೇ ನಗಬೇಕಾದ ನಗು, ಎಲ್ಲ ಕಂಪನಿಯದು. ಎಲ್ಲ ಕಡೆಯೂ ಎಲ್ಲವೂ ಒಂದೇ ಥರ ಇದೆಯೇ ಎಂದು ನೋಡಿ ಬರುವುದು ಅಕ್ಕನ ಕೆಲಸ. ಮಾಮೂಲಿ ಗಿರಾಕಿಯ ಹಾಗೆ ಹೋಗಬೇಕು, ಸಾಲಿನಲ್ಲಿ ನಿಂತು ಎಷ್ಟು ಹೊತ್ತಾಯಿತೆಂದು ಎಣಿಸಬೇಕು, ಬನ್ನಿಗೆ ಥರ್ಮಾಮೀಟರ್ ಚುಚ್ಚಬೇಕು, ಕುರ್ಚಿಗಳ ನಡುವಿನ ಅಂತರ ಅಳೆಯಬೇಕು, ಟಾಯ್ಲೆಟ್ಟಿನ ಸೋಪು ನೋಡಬೇಕು, ನಲವತ್ತು ನಿಮಿಷದಲ್ಲಿ ಹೊರಗೆ ಬಿದ್ದಿರಬೇಕು. ನೂರ ಹನ್ನೆರಡು ಪ್ರಶ್ನೆಗಳ ಹಾಳೆ. ಪ್ರತಿಯೊಂದಕ್ಕೂ ಹೌದು ಅಥವಾ ಇಲ್ಲ.

ಇಂಥ ಕೆಲಸಕ್ಕೆ ಅವಳು ಸೇರಿದ್ದು ಊರು ನೋಡುವ ಆಸೆಯಿಂದ ಎಂದರೆ ನೀವು ನಗುತ್ತೀರಿ. ನಾನೂ ನಗುತ್ತಿದ್ದೆ. ಈ ಹುಡುಗಿ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದೆ ಎಂದು ಅಮ್ಮ ಗೊಣಗುತ್ತಿದ್ದಳು. ನಾವೆಲ್ಲ ಪೇಪರಿನಲ್ಲಿ ಸಿನಿಮಾ ಪುಟ ಹುಡುಕಿದರೆ ಇವಳು ಪರದೇಶದ ಹವಾಮಾನ ಓದುತ್ತಿದ್ದಳು. "ಅಲ್ಲಿ ಇವತ್ತು ಮೂರೇ ಡಿಗ್ರಿಯಂತೆ ಕಣೇ," ಅನ್ನುವಳು. ಅದನ್ನು ಕಟ್ಟಿಕೊಂಡು ನಮಗೇನಾಗಬೇಕಿತ್ತು? ದೇಶ ಸುತ್ತು, ಕೋಶ ಓದು ಅನ್ನುತ್ತಾರೆ. ಓದು ಅರ್ಧಕ್ಕೆ ನಿಂತ ಮೇಲೆ ಅವಳಿಗೆ ಉಳಿದದ್ದು ಸುತ್ತುವುದೊಂದೇ.

ಹನ್ನೊಂದು ವರ್ಷದಲ್ಲಿ ತೊಂಬತ್ತಮೂರು ಊರು. ಬೆಳಗ್ಗೆ ಬಸ್ಸಿಳಿದು ಅಂಗಡಿಗೆ ಹೋದರೆ ಮಧ್ಯಾಹ್ನ ಮುಂದಿನ ಬಸ್ಸು. ಮನೆಗೆ ಬಂದಾಗ, "ಊರು ಹೇಗಿತ್ತೇ?" ಎಂದು ಕೇಳುತ್ತಿದ್ದೆ.

"ಬನ್ನು ಅರವತ್ತೆರಡು ಡಿಗ್ರಿ ಇತ್ತು," ಅನ್ನುತ್ತಿದ್ದಳು.

ಕಣ್ಣು ಕಟ್ಟಿದ ಗಾಣದೆತ್ತಿನ ಹಾಗೆ ಸುತ್ತುತ್ತಿದ್ದೀಯ ಎಂದು ಒಮ್ಮೆ ಹೇಳಿಯೂ ಬಿಟ್ಟೆ. ಎರಡು ದಿನ ಮಾತು ಬಿಟ್ಟಳು. ಆದರೆ ಅವಳಿಗೂ ಒಂದು ಲೆಕ್ಕಾಚಾರವಿತ್ತು. ಕಂಪನಿ ನಾಲ್ಕು ವರ್ಷಕ್ಕೊಮ್ಮೆ ತಪಾಸಣೆಯವರಲ್ಲಿ ಒಬ್ಬರನ್ನು ಆರಿಸಿ ಪರದೇಶದ ಅಂಗಡಿಗಳಿಗೆ ಕಳಿಸುತ್ತದೆ, ಒಂದು ವರ್ಷಕ್ಕೆ ಒಂಬತ್ತು ದೇಶ. ಹೋದ ವರ್ಷದ ಪಟ್ಟಿಯಲ್ಲಿ ಅಕ್ಕನದು ಮೊದಲ ಹೆಸರಾಗಿತ್ತು. ಕೊನೆಯ ಸುತ್ತಿನ ಆರು ಅಂಗಡಿಗಳ ತಪಾಸಣೆ ತಪ್ಪಿಲ್ಲದೆ ಮುಗಿದರೆ ಸಾಕಿತ್ತು. ಐದು ಮುಗಿದವು. ಆರನೆಯದು ಬಂದರಿನ ಹತ್ತಿರದ ಸಣ್ಣ ಪೇಟೆಯಲ್ಲಿ, ತೆರೆದು ಆರು ತಿಂಗಳಾಗಿದ್ದ ಹೊಸ ಅಂಗಡಿ.

ಮುಂದಿನದು ಅವಳು ಹೇಳಿದ್ದು. ಒಂದಕ್ಕೆರಡು ಸೇರಿಸುವ ಅಭ್ಯಾಸ ಅವಳಿಗಿಲ್ಲ. ನನಗಿದೆ, ಆದರೆ ಇಲ್ಲಿ ಸೇರಿಸಿಲ್ಲ.

ಬನ್ನು ಸರಿಯಿತ್ತು, ಕುರ್ಚಿ ಸರಿಯಿತ್ತು, ನಗುವೂ ಸರಿಯಿತ್ತು. ಉಳಿದದ್ದು ಟಾಯ್ಲೆಟ್ ಒಂದೇ. ಕಂಪನಿಯ ಯಾವ ಅಂಗಡಿಯಲ್ಲಾದರೂ ಕೌಂಟರಿನಿಂದ ಹನ್ನೊಂದು ಹೆಜ್ಜೆ ನಡೆದು ಬಲಕ್ಕೆ ತಿರುಗಿದರೆ ಟಾಯ್ಲೆಟ್ಟಿನ ಓಣಿ. ತೊಂಬತ್ತಮೂರು ಊರಿನಲ್ಲಿ ನಡೆದ ಕಾಲು ಅದು. ಅಕ್ಕ ಸ್ಟಾಪ್‌ವಾಚು ನೋಡುತ್ತ ಎದ್ದಳು, ಹನ್ನೊಂದು ಹೆಜ್ಜೆ ನಡೆದಳು, ಬಲಕ್ಕೆ ತಿರುಗಿದಳು, ಧಡ್ಡೆಂದು ಗೋಡೆಗೆ ಹಣೆ ಚಚ್ಚಿಕೊಂಡು ಕೂತುಬಿಟ್ಟಳು.

ಅಂಗಡಿಯ ಯಜಮಾನಿ ಓಡಿ ಬಂದಳು. ಅರವತ್ತು ದಾಟಿದ ಹೆಂಗಸು, ನರೆತ ತುರುಬಿನ ಮೇಲೆ ಕಂಪನಿಯ ಟೋಪಿ. ಕಾಗದದ ಲೋಟದಲ್ಲಿ ಐಸು ತಂದು ಹಣೆಗೆ ಒತ್ತಿ ಹಿಡಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ನೀವು ತಪಾಸಣೆಯವರು, ಅಲ್ವಾ ತಾಯಿ?"

"ಯಾರು ಹೇಳಿದ್ರು?"

"ಹೊಸಬರು ಟಾಯ್ಲೆಟ್ ಎಲ್ಲಿ ಅಂತ ಕೇಳ್ತಾರೆ. ಈ ಊರವರು ನೆಟ್ಟಗೆ ಎಡಕ್ಕೆ ಹೋಗ್ತಾರೆ. ಕೇಳದೇ ಬಲಕ್ಕೆ ತಿರುಗಿದವರು ಆರು ತಿಂಗಳಲ್ಲಿ ನೀವೊಬ್ಬರೇ."

ಆ ಅಂಗಡಿಯನ್ನು ತಿರುವುಮುರುವಾಗಿ ಕಟ್ಟಿದ್ದರು. ಬಲಕ್ಕಿರಬೇಕಾದದ್ದೆಲ್ಲ ಎಡಕ್ಕೆ, ಎಡದ್ದು ಬಲಕ್ಕೆ. ಕಂಪನಿಗೆ ತಿಳಿಸಿರಲಿಲ್ಲ. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎಂದು ಅಕ್ಕ ಮನಸ್ಸಿನಲ್ಲೇ ಬೈದುಕೊಂಡಳಂತೆ. ಆದರೆ ಎದ್ದು ನಿಲ್ಲಲು ಗೋಡೆಗೆ ಕೈಯೂರಿದಾಗ ಅಂಗೈ ಬೆಚ್ಚಗಾಯಿತು. ಅವಳು ಅವಳೇ ತಾನೇ. ಚೀಲದಿಂದ ಥರ್ಮಾಮೀಟರ್ ತೆಗೆದು ಗೋಡೆಗೆ ಒತ್ತಿದಳು. ನಲವತ್ತೊಂದು ಡಿಗ್ರಿ.

"ಆ ಕಡೆ ಗಾಜಿನ ಕುಲುಮೆ ಇದೆ," ಎಂದಳು ಯಜಮಾನಿ. "ನಕ್ಷೆ ಪ್ರಕಾರ ಫ್ರಿಜ್ ಕೂಡ ಬಲಕ್ಕೇ, ಈ ಗೋಡೆಗೇ ಬರಬೇಕು. ಇದಕ್ಕೆ ಆನಿಸಿದ್ರೆ ಹಾಲು ಒಡೆದುಹೋಗುತ್ತೆ. ಕಂಪನಿಗೆ ಬರೆಯೋಣ ಅಂದೆ. ಕಟ್ಟಿದವನು, ಯಾರಿಗೆ ಗೊತ್ತಾಗುತ್ತೆ ಬಿಡಿ ಅಂತ ನಕ್ಷೆಯನ್ನೇ ತಿರುಗಿಸಿ ಕಟ್ಟಿದ." ದನಿ ತಗ್ಗಿಸಿ ಮತ್ತೆ ಹೇಳಿದಳು: "ನೀವು ಯಾರು ಅಂತ ನಾನು ಎಲ್ಲೂ ಬಾಯಿ ಬಿಡಲ್ಲ. ಗೋಡೆ ವಿಷಯ ನೀವೂ ಬರೀಬೇಡಿ. ಇಬ್ಬರಿಗೂ ಒಳ್ಳೇದು."

ಹಾಳೆಯ ಕೊನೆಯ ಪ್ರಶ್ನೆ ಏನೆಂದು ಆ ಹೆಂಗಸಿಗೆ ಗೊತ್ತಿರಲಿಲ್ಲ, ಅಕ್ಕನಿಗೆ ಗೊತ್ತಿತ್ತು: ನಿಮ್ಮ ಗುರುತು ಸಿಕ್ಕಿತೇ? ಹೌದು ಎಂದು ಬರೆದರೆ ಆ ಸುತ್ತು ರದ್ದು. ಪಟ್ಟಿಯಿಂದ ಹೆಸರೂ ರದ್ದು. ಒಂಬತ್ತು ದೇಶ ಒಂದು ಪದದ ಮೇಲೆ ನಿಂತಿದ್ದವು, ಸುಳ್ಳಿಗೆ ಸಾಕ್ಷಿ ಹೇಳಬೇಕಾದವಳೇ ಐಸು ಹಿಡಿದು ನಿಂತಿದ್ದಳು.

"ಬರೀತೀನಿ," ಎಂದಳು ಅಕ್ಕ. "ಬನ್ನು ಅರ್ಧ ಡಿಗ್ರಿ ಕಡಿಮೆ ಆಯ್ತು ಅಂತ ಅಂಗಡಿಯ ಒಂದು ಹುಡುಗಿಗೆ ನಾನು ಇಲ್ಲ ಅಂತ ಹಾಕಿದೀನಿ. ಆ ತಿಂಗಳೇ ಅವಳನ್ನ ಕೆಲಸದಿಂದ ತೆಗೆದರು. ಅವಳಿಗೆ ಒಂದು ಅಳತೆ, ನನಗೊಂದು ಅಳತೆ ಆಗಲ್ಲ."

ಯಜಮಾನಿ ಐಸಿನ ಲೋಟ ಅಕ್ಕನ ಕೈಗೆ ಕೊಟ್ಟು ದೂರ ಸರಿದಳು.

ನಲವತ್ತು ನಿಮಿಷ ಮುಗಿದುಹೋಗಿತ್ತು. ಹೊರಡಬೇಕಿತ್ತು. ಅಕ್ಕ ಹೊರಡಲಿಲ್ಲ. "ಆ ಕುಲುಮೆ ನೋಡಬಹುದಾ?" ಎಂದು ಕೇಳಿದಳು.

"ಅಲ್ಲಿ ನೋಡೋಕೆ ಏನಿದೆ? ಏನೂ ಇಲ್ಲ."

"ಆ ಏನೂ ಇಲ್ಲದ್ದನ್ನೇ ತೋರಿಸಿ. ಸುಮ್ಮನೆ ಗೋಡೆ ತಿರುಗಿದೆ ಅಂತ ಬರೆದ್ರೆ ನಿಮ್ಮ ಅಂಗಡಿ ಹೋಗುತ್ತೆ. ಯಾಕೆ ತಿರುಗಿದೆ ಅಂತ ಬರೀಬೇಕು."

ಹಿಂದಿನ ಗಲ್ಲಿಯಿಂದ ಒಳಹೊಕ್ಕರೆ ತಗಡಿನ ಮಾಡಿನ ಕೆಳಗೆ ಮೂವರು ಕೆಲಸ ಮಾಡುತ್ತಿದ್ದರು. ಉದ್ದನೆಯ ಕೊಳವೆಯ ತುದಿಗೆ ಕೆಂಪಗೆ ಕಾದ ಗಾಜಿನ ಮುದ್ದೆ. ಕೆನ್ನೆ ಉಬ್ಬಿಸಿ ಊದುತ್ತಿದ್ದ ಮುದುಕ ಇವರ ಕಡೆ ನೋಡಲೂ ಇಲ್ಲ. ಮುದ್ದೆ ಉಬ್ಬಿತು, ಇಳಿಬಿತ್ತು, ಕುತ್ತಿಗೆ ನೀಳವಾಯಿತು, ದೀಪದ ಬುರುಡೆಯಾಯಿತು. ಸಾಲಾಗಿ ಜೋಡಿಸಿಟ್ಟ ಬುರುಡೆಗಳನ್ನು ಅಕ್ಕ ಒಂದೊಂದಾಗಿ ಅಳೆದಳು. ಒಂದರ ಹಾಗೆ ಇನ್ನೊಂದಿಲ್ಲ, ಕೂದಲೆಳೆಯಷ್ಟಾದರೂ ಹೆಚ್ಚುಕಡಿಮೆ. ಅವಳಿಗೆ ಏನೋ ಸಿಕ್ಕಂತಾಯಿತು. ಇದೇ ಕೈಕೆಲಸದ ಚೆಂದ ಎಂದು ಮುದುಕನಿಗೆ ಹೇಳಿದಳು.

ಮುದುಕ ಕೊಳವೆ ಕೆಳಗಿಟ್ಟು ಕೆಂಡಾಮಂಡಲವಾದ. "ಯಾವ ಚೆಂದ? ಮೂವತ್ತು ವರ್ಷದಿಂದ ಎರಡು ಒಂದೇ ಥರ ಮಾಡ್ಬೇಕು ಅಂತ ಒದ್ದಾಡ್ತಾ ಇದೀನಿ, ಆಗ್ತಿಲ್ಲ. ನಿಮಗೆ ಚೆಂದವಂತೆ!"

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹನ್ನೊಂದು ವರ್ಷದಲ್ಲಿ ತಾನು ಎಣಿಸಿರದ ಮಾತೊಂದನ್ನು ಒಬ್ಬ ಮನುಷ್ಯ ಆಡಿದ್ದು ಅದೇ ಮೊದಲು ಎಂದು ನನಗೆ ಹೇಳಿದಳು. ಸಂಜೆಯವರೆಗೂ ಅಲ್ಲೇ ಕೂತಳು. ಯಜಮಾನಿಯೂ ಕೂತಳು, ಮುನಿಸಿನಲ್ಲೇ. ಆಮೇಲೆ ಅಕ್ಕ ಹಾಳೆ ತೆಗೆದು ನೂರ ಹನ್ನೆರಡನೆಯ ಪ್ರಶ್ನೆಗೆ ಹೌದು ಎಂದು ಬರೆದಳು. ಅದರ ಕೆಳಗೆ ಯಾರೂ ಎಂದೂ ತುಂಬದ ಖಾಲಿ ಜಾಗವಿತ್ತು. ಅಲ್ಲಿ ಕುಲುಮೆ, ಗೋಡೆಯ ಬಿಸಿ, ಒಡೆದುಹೋಗುವ ಹಾಲು ಎಲ್ಲವನ್ನೂ ಬರೆದು, ಈ ಅಂಗಡಿಯಲ್ಲಿ ಹಣೆ ಒಡೆದುಕೊಂಡವಳು ನಾನೊಬ್ಬಳೇ, ದೋಷ ಗೋಡೆಯದಲ್ಲ, ಇದನ್ನು ಕೆಡವಬಾರದು ಎಂದು ಸೇರಿಸಿದಳು.

ಮೂರನೆಯ ದಿನ ಮೇಲಧಿಕಾರಿಯ ಫೋನು ಬಂದಾಗ ನಾನು ಪಕ್ಕದಲ್ಲೇ ಗುಂಡಿ ಹೊಲಿಯುತ್ತಿದ್ದೆ. ಅಕ್ಕನಿಗೆ ಸ್ಪೀಕರ್ ಹಾಕಿ ಮಾತಾಡುವ ಅಭ್ಯಾಸ.

"ಏನಿದು ಮೇಡಂ? ಕೊನೇ ಪ್ರಶ್ನೆಗೆ ಇಲ್ಲ ಅಂತ ಹಾಕಿ ಇನ್ನೊಂದು ಹಾಳೆ ಕಳಿಸಿ. ಟಿಕೆಟ್ಟೇ ಬುಕ್ ಮಾಡೋಕೆ ಹೇಳಿದೀನಿ."

"ಆಯಮ್ಮ ನನ್ನ ಗುರುತು ಹಿಡಿದಿದಾರೆ ಸಾರ್."

"ಹಿಡೀಲಿ ಬಿಡ್ರೀ, ಯಾರು ಕೇಳ್ತಾರೆ?"

"ನಾನು ಕೇಳ್ತೀನಿ," ಎಂದಳು ಅಕ್ಕ.

ನಾನು ಕೈಸನ್ನೆ ಮಾಡಿದೆ, ಕಣ್ಣು ಬಿಟ್ಟೆ, ಸೂಜಿಯನ್ನೇ ತೋರಿಸಿದೆ. ಅವಳು ಬೆನ್ನು ತಿರುಗಿಸಿಕೊಂಡಳು. ಪಟ್ಟಿಯಿಂದ ಹೆಸರು ಹೋಯಿತು, ಅವಳ ಕೈಕೆಳಗೆ ಕೆಲಸ ಕಲಿತವನೊಬ್ಬ ಒಂಬತ್ತು ದೇಶಕ್ಕೆ ಹೊರಟ. ತಿರುಗಿದ ಅಂಗಡಿಯನ್ನು ಮಾತ್ರ ಇದ್ದ ಹಾಗೆಯೇ ಇರಲಿ ಎಂದು ಕಂಪನಿ ಬಿಟ್ಟಿತು. ಯಜಮಾನಿ ಫೋನು ಮಾಡಿ ಅತ್ತಳು. ಅಕ್ಕ ಅವಳನ್ನು ಸಮಾಧಾನ ಮಾಡಿ ಫೋನಿಟ್ಟು, ನನ್ನ ಹೊಲಿಗೆ ಕೋಣೆಗೆ ಬಂದು ಬಟ್ಟೆಯ ರಾಶಿಯ ಮೇಲೆ ಕೂತು ತಾನೂ ಅತ್ತಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ನಾನು ಹೇಳಬಾರದಿತ್ತು. ಹೇಳಿದೆ. ನಲವತ್ತಾರು ವರ್ಷದ ಹೆಂಗಸು ಅಷ್ಟು ಬಿಕ್ಕಿ ಅಳುವುದನ್ನು ನಾನು ಕಂಡಿರಲಿಲ್ಲ. ನನಗೆ ಆ ಕಂಪನಿಯ ಮೇಲೂ, ಆ ಗೋಡೆಯ ಮೇಲೂ, ಇವಳ ಹಾಳು ನಿಯತ್ತಿನ ಮೇಲೂ ಕೆಟ್ಟ ಸಿಟ್ಟು ಬಂದಿತ್ತು.

ವಾರ ಕಳೆಯಿತು. ಒಂದು ಬೆಳಗ್ಗೆ ಅಕ್ಕ ನನ್ನ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕಂಪನಿಯ ಪ್ರಪಂಚದ ನಕ್ಷೆಯನ್ನು ಹಾಸಿಕೊಂಡು ನಿಂತಿದ್ದಳು. ಅಂಗಡಿ ಇರುವ ಕಡೆಯೆಲ್ಲ ಕೆಂಪು ಚುಕ್ಕೆ. ಅವಳು ಚುಕ್ಕೆ ಇಲ್ಲದ ಜಾಗ ಹುಡುಕುತ್ತಿದ್ದಳು. ಕೊನೆಗೆ ಒಂದು ಪುಟ್ಟ ದೇಶದ ಮೇಲೆ ಬೆರಳಿಟ್ಟಳು.

"ಇಲ್ಲಿಗೆ ಹೋಗ್ತೀನಿ. ನನ್ನ ದುಡ್ಡಲ್ಲಿ. ವೀಸಾ ಸಿಕ್ಕ ಮೇಲೆ ಒಂದು ತಿಂಗಳು ರಜೆ ಬೇಕು ಅಂತ ಬರೆದುಕೊಟ್ಟು ಬಂದೆ."

"ತಲೆ ನೆಟ್ಟಗಿದೆಯಾ? ಅಲ್ಲಿ ಯಾರಿದಾರೆ? ಭಾಷೆ ಬರುತ್ತಾ? ದೂರದ ಬೆಟ್ಟ ನುಣ್ಣಗೆ ಕಣೇ."

"ನುಣ್ಣಗಿದೆಯೋ ಒರಟಾಗಿದೆಯೋ ಮುಟ್ಟಿ ನೋಡ್ತೀನಿ. ನಕ್ಷೆ ಮೇಲೆ ಕತ್ತರಿ ಇಡಬೇಡ."

ತಿಂಗಳುಗಟ್ಟಲೆ ಜಗಳವಾಡಿದೆ. ಬೈದೆ, ಬೇಡಿಕೊಂಡೆ, ನನಗೆ ಬೆನ್ನುನೋವೆಂದು ಸುಳ್ಳು ಹೇಳಿದೆ. ಅವಳು ಹಿಡಿದ ಪಟ್ಟು ಬಿಡಲಿಲ್ಲ. ಒಂಬತ್ತು ದೇಶಕ್ಕೆಂದು ಮಾಡಿಸಿಟ್ಟಿದ್ದ ಪಾಸ್‌ಪೋರ್ಟ್ ಹುಡುಕಿ ತೆಗೆದಳು, ಚುಚ್ಚುಮದ್ದು ಹಾಕಿಸಿಕೊಂಡಳು, ಎರಡು ಸಲ ವೀಸಾ ಅರ್ಜಿ ವಾಪಸ್ ಬಂದರೆ ಮೂರನೆಯ ಸಲ ಬರೆದಳು. ಮೂರನೆಯ ಅರ್ಜಿಗೆ ವೀಸಾ ಕಚೇರಿಯಿಂದ ಕರೆ ಬಂದಾಗ ಜೊತೆಗೆ ನಾನೂ ಹೋದೆ. ನಿಜ ಹೇಳುತ್ತೇನೆ, ಅಲ್ಲಿ ಅವಳಿಗೆ ಆಗಲ್ಲ ಎನ್ನಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡಿದ್ದೆ. ಅಮ್ಮ ತೀರಿಕೊಂಡ ಮೇಲೆ ನಾವಿಬ್ಬರೇ, ಅವಳೂ ಅಷ್ಟು ದೂರ ಹೋದರೆ ಮನೆಯಲ್ಲಿ ನಾನೊಬ್ಬಳೇ ಎಂಬ ಭಯ ನನಗೆ. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯವಿಲ್ಲದೆ ಬೆನ್ನುನೋವು ಎಂದಿದ್ದೆ.

ಗಾಜಿನ ಕಿಂಡಿಯ ಆಚೆ ಕೂತಿದ್ದ ಗುಮಾಸ್ತ ಅರ್ಜಿಯನ್ನು ತಿರುವಿಹಾಕಿದ. "ಅಲ್ಲಿ ನಿಮ್ಮವರು ಯಾರಿದಾರಮ್ಮ?"

"ಯಾರೂ ಇಲ್ಲ."

"ಕೆಲಸ? ವ್ಯಾಪಾರ? ಆಸ್ಪತ್ರೆ?"

"ಯಾವುದೂ ಅಲ್ಲ. ನೋಡೋಕೆ."

"ನೋಡೋಕೆ ಅಂದ್ರೆ? ಅಲ್ಲಿಗೆ ಯಾರೂ ನೋಡೋಕೆ ಅಂತ ಹೋಗಲ್ಲ. ಏನು ನೋಡೋಕೆ? ಇಲ್ಲಿ ಬರೀಬೇಕು ನಾನು."

ಅಕ್ಕ ಹನ್ನೊಂದು ವರ್ಷ ಒಂದೊಂದು ಅಂಗಡಿಗೆ ನೂರ ಹನ್ನೆರಡು ಉತ್ತರ ಬರೆದವಳು. "ಗೊತ್ತಿಲ್ಲ ಸಾರ್," ಎಂದಳು. "ಗೊತ್ತಿದ್ದಿದ್ರೆ ಅಷ್ಟು ದೂರ ಹೋಗೋದು ಯಾಕೆ?"

ಗುಮಾಸ್ತನಿಗೆ ಅನುಮಾನ ಬಂತು. ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದ. "ನೀವು ಏನಾಗಬೇಕು ಇವರಿಗೆ?"

"ತಂಗಿ."

"ಒಬ್ಬರೇ ಹೋಗ್ತಾರಂತೆ. ಮನೇಲಿ ಒಪ್ಪಿದೀರಾ?"

ಅಕ್ಕ ನನ್ನ ಕಡೆ ನೋಡಲಿಲ್ಲ. ಕಿಂಡಿಯ ಕಟ್ಟೆಯ ಉದ್ದವನ್ನು ಗೇಣಿನಿಂದ ಅಳೆಯತೊಡಗಿದಳು. ನಾನು ಇಲ್ಲ ಎಂದಿದ್ದರೆ ಸಾಕಿತ್ತು. ಆಡುವುದೂ ಬೇಕಿರಲಿಲ್ಲ, ಒಂದು ಗಳಿಗೆ ಸುಮ್ಮನಿದ್ದಿದ್ದರೂ ಆಗುತ್ತಿತ್ತು.

"ಒಪ್ಪಿದೀನಿ ಸಾರ್," ಎಂದೆ. "ಗೊತ್ತಿಲ್ಲದ್ದನ್ನ ನೋಡೋಕೆ ಅಂತಲೇ ಬರ್ಕೊಳ್ಳಿ. ನಮ್ಮಕ್ಕ ಸುಳ್ಳು ಬರೆಯೋಳಲ್ಲ."

ಅವನು ಇಬ್ಬರನ್ನೂ ಒಂದು ಸಲ ನೋಡಿ, ಹಾಗೆಯೇ ಬರೆದುಕೊಂಡು, ಮುದ್ರೆ ಒತ್ತಿದ.