ಗಟ್ಟಿಮೇಳಕ್ಕೆ ಗಿಟಾರು

ಅರವತ್ತರ ದಶಕದ ಕೊನೆಯಲ್ಲಿ, ಗೌರಿಬಿದನೂರಿನ ನಮ್ಮ ಪಕ್ಕದ ಮನೆಯ ಅಣ್ಣ ಗಿಟಾರು ಕಲಿತು, ಗೆಳೆಯರನ್ನು ಸೇರಿಸಿಕೊಂಡು ರಾಕ್ ಬ್ಯಾಂಡ್ ಕಟ್ಟಿದ. ಹಣೆಯ ಮೇಲೆ ಬೀಳುವ ಕೂದಲನ್ನು ತಲೆ ಕೊಡವಿ ಹಿಂದಕ್ಕೆ ಹಾರಿಸುವುದನ್ನು ಅವನು ಗಿಟಾರಿಗಿಂತ ಚೆನ್ನಾಗಿ ಕಲಿತಿದ್ದ. ಅವನು ನುಡಿಸಲು ಕೂತರೆ ಬೀದಿಯ ಕಿಟಕಿಗಳು ಮುಚ್ಚಿಕೊಳ್ಳುತ್ತಿದ್ದವು. "ಜನಕ್ಕೆ ಅಭ್ಯಾಸ ಆಗ್ಬೇಕು ಕಣಪ್ಪ, ಆಗತ್ತೆ," ಎನ್ನುತ್ತಿದ್ದ, ಬೇಸರವಿಲ್ಲದೆ.

ತೊಂಡೇಬಾವಿಯ ಒಂದು ಮದುವೆಗೆ ಅವರನ್ನು ಕರೆಸಿದ್ದು ಊಟದ ಹೊತ್ತಿಗೆ ನುಡಿಸಲೆಂದು. ನಾನೂ ಹೋಗಿದ್ದೆ. ಆದರೆ ಹಿಂದೂಪುರದಿಂದ ಬರಬೇಕಿದ್ದ ಓಲಗದವರಿಗೆ ರೈಲು ತಪ್ಪಿತು, ಮುಹೂರ್ತ ಮೀರುತ್ತಿತ್ತು. ಹುಡುಗಿಯ ತಂದೆ ಓಡಿಬಂದು, "ಗಟ್ಟಿಮೇಳಕ್ಕೆ ನೀವೇ ಏನಾದ್ರೂ ಬಾರ್ಸಿಬಿಡ್ರಪ್ಪ," ಎಂದು ಕೈಮುಗಿದರು. ಪುರೋಹಿತರು ಬೆರಳೆತ್ತಿದರು. ಡ್ರಮ್ಮು ಗುಡುಗಿತು, ಗಿಟಾರು ಮೈಕಿನಲ್ಲಿ ಕಿರುಚಿತು, ಬೆಚ್ಚಿದ ವರ ಹೇಗೋ ತಾಳಿ ಕಟ್ಟಿದ.

ಚಪ್ಪರದಲ್ಲಿದ್ದವರೆಲ್ಲ ಅಕ್ಷತೆ ಹಾಕುವುದನ್ನೂ ಮರೆತು ಬ್ಯಾಂಡಿನ ಕಡೆಗೆ ತಿರುಗಿದರು. ಅಣ್ಣ ತಲೆ ತಗ್ಗಿಸಿ ನಿಂತ. ಆಗ, ಬಹಳ ವರ್ಷಗಳಿಂದ ಕಿವಿ ಕೇಳದಿದ್ದ ಹುಡುಗಿಯ ಅಜ್ಜಿ ಕಣ್ಣೊರೆಸಿಕೊಂಡು, "ದೊಡ್ಡ ಮೊಮ್ಮಗಳ ಮದ್ವೇಲಿ ಗಟ್ಟಿಮೇಳ ಕೇಳಿಸ್ಲೇ ಇಲ್ಲ. ಇವತ್ತು ಕೇಳಿಸ್ತಪ್ಪ ನಂಗೆ," ಎಂದರು.

ಆಮೇಲೆ ಸುತ್ತಲಿನ ಊರುಗಳಲ್ಲಿ ಅಜ್ಜ, ಅಜ್ಜಿ ಇದ್ದ ಮನೆಗಳಿಂದೆಲ್ಲ ಕರೆ ಬಂತು. "ನಾವು ಕಾಲೇಜು ಹುಡುಗ್ರಿಗೆ ಬಾರ್ಸೋರು," ಎಂದು ಅಣ್ಣ ಗೊಣಗುತ್ತಲೇ ಹೋಗುತ್ತಿದ್ದ. ಹೋದಲ್ಲೆಲ್ಲ ಮೊದಲು ಸ್ಪೀಕರನ್ನು ಮುದುಕರು ಕೂತ ಕಡೆಗೆ ತಿರುಗಿಸಿಡುತ್ತಿದ್ದ.