ಹೊಳೆಗೆ ಎಸೆದ ಎಂಟು ಮಾತ್ರೆ

ಒಂಬತ್ತನೆಯ ವಯಸ್ಸಿನಲ್ಲಿ ನನಗೆ ಮೂತ್ರಪಿಂಡದ ಕಾಯಿಲೆ ಬಂತು. ಬೆಳಿಗ್ಗೆ ಕಣ್ಣು ಬಿಡಲಾಗದಷ್ಟು ರೆಪ್ಪೆ ಊದಿರುತ್ತಿತ್ತು. ಮೈಸೂರಿನ ಮಕ್ಕಳ ಡಾಕ್ಟರು ಕೊಟ್ಟ ಮಾತ್ರೆಗೆ ಆ ಊತ ಇಳಿಯಿತು, ಆದರೆ ಕೆನ್ನೆ ದುಂಡಗಾಯಿತು. ಕ್ಲಾಸಿನಲ್ಲಿ ನನ್ನನ್ನು ಪೂರಿ ಎಂದು ಕರೆಯತೊಡಗಿದರು. ಅವ್ವ ಕನ್ನಡಿ ಮುಂದೆ ಕೂರಿಸಿ ತಲೆ ಬಾಚುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

ನಂಜನಗೂಡಿನಲ್ಲಿ ಕಪಿಲೆಗೆ ಹತ್ತಿರದ ತಗ್ಗಿನ ಬೀದಿ ನಮ್ಮದು. ಅವ್ವ ಮಾತ್ರೆಯನ್ನು ಕೈಗೆ ಕೊಟ್ಟು ಒಲೆಯತ್ತ ತಿರುಗಿದೊಡನೆ ನಾನು ಅದನ್ನು ಲಂಗದ ಜೇಬಿಗೆ ಸೇರಿಸಿ, ಶಾಲೆಗೆ ಹೋಗುವಾಗ ಸ್ನಾನಘಟ್ಟದಿಂದ ಹೊಳೆಗೆ ಎಸೆಯುತ್ತಿದ್ದೆ. ಎಂಟು ದಿನ ಹೀಗೆ ನಡೆಯಿತು. ಒಂಬತ್ತನೆಯ ದಿನ ಮಳೆಗೆ ಶಾಲೆಗೆ ರಜೆ ಕೊಟ್ಟರು. ಮಧ್ಯಾಹ್ನ ಆಟೋಗೆ ಮೈಕು ಕಟ್ಟಿಕೊಂಡು, ಜಲಾಶಯದಿಂದ ನೀರು ಬಿಟ್ಟಿದ್ದಾರೆ, ಮನೆ ಖಾಲಿ ಮಾಡಿ ಎಂದು ಕೂಗುತ್ತಾ ಹೋದರು. ಸಂಜೆಯೊಳಗೆ ನಮ್ಮ ಹೊಸಿಲು ಮುಳುಗಿತು. ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ನೀರಿನಲ್ಲಿ ನಡೆದರು. ಹೊಳೆ ಎಲ್ಲಿ ಮುಗಿದು ಬೀದಿ ಎಲ್ಲಿ ಶುರುವಾಗುತ್ತದೆ ಎಂದು ಗೊತ್ತಾಗುತ್ತಿರಲಿಲ್ಲ.

ನನ್ನ ಕೆನ್ನೆ ಊದಿಸಿದ ಮಾತ್ರೆಯೇ ಹೊಳೆಯನ್ನೂ ಊದಿಸಿದೆ ಎಂದು ಆಗ ಖಾತ್ರಿಯಾಯಿತು.

ಶಾಲೆಯೊಂದರಲ್ಲಿ ಗಂಜಿ ಕೇಂದ್ರ ತೆರೆದು ನಮ್ಮ ಬೀದಿಯವರನ್ನೆಲ್ಲ ಇರಿಸಿದರು. ನಾನು ಮಾತು ನಿಲ್ಲಿಸಿದೆ. ನೀರು ಕಂಡು ಬೆದರಿದ್ದಾಳೆ ಎಂದು ಹೆಂಗಸರು ದೃಷ್ಟಿ ತೆಗೆದರು. ನನಗಿದ್ದದ್ದು ನೀರಿನ ಭಯವಲ್ಲ. ಬಾಯಿ ಬಿಟ್ಟರೆ ಮಾತ್ರೆಯ ವಿಷಯ ಹೊರಬೀಳುತ್ತದೆ, ಅಷ್ಟೂ ಜನ ನನ್ನ ಕಡೆ ತಿರುಗುತ್ತಾರೆ ಎಂಬ ಭಯ.

ಮೂರನೆಯ ದಿನ ಪಾದ ಊದಿತು. ತಪಾಸಣೆಗೆ ಬಂದ ನರ್ಸಮ್ಮ ಬೆರಳೊತ್ತಿದರೆ ಗುಳಿ ಹಾಗೇ ಉಳಿಯಿತು.

"ಮಾತ್ರೆ ತಪ್ಪಿಸಿದ್ರಾ?" ಎಂದು ಡಾಕ್ಟರ ಚೀಟಿ ನೋಡಿ ಅವ್ವನನ್ನು ಕೇಳಿದರು.

"ಇಲ್ಲ ಕಣ್ರವ್ವ, ದಿನಾ ನಾನೇ ಕೊಟ್ಟಿವ್ನಿ" ಎನ್ನುತ್ತಾ ಅವ್ವ ಅತ್ತುಬಿಟ್ಟಳು.

ಅದನ್ನು ನೋಡಲಾಗದೆ ಹೇಳಿದೆ. "ನಾನೇ ಒಳೆಗೆ ಆಕ್ಬುಟ್ಟೆ. ಅದ್ಕೇ ಒಳೆ ಊದ್ಕತು."

ನರ್ಸಮ್ಮ ನಗಲಿಲ್ಲ. "ಎಷ್ಟು ಮಾತ್ರೆ?"

"ಎಂಟು."

"ಕೇರಳದ ಕಡೆ ವಾರದಿಂದ ಮಳೆ ಸುರೀತಾ ಅದೆ. ಆ ನೀರು ಕಣವ್ವ ಇದು. ಎಂಟು ಮಾತ್ರೇಲಿ ಒಂದು ಬಕೆಟ್ ನೀರೂ ಊದಾಕಿಲ್ಲ."

ಅವರ ಮಾತನ್ನು ನಾನು ಅರ್ಧ ನಂಬಿದೆ. ಉಳಿದರ್ಧ ನಂಬಲು ಇನ್ನೊಂದು ಮಳೆಗಾಲ ಬೇಕಾಯಿತು. ಅಪ್ಪ ಎಲ್ಲ ಕೇಳಿ, ಮರುದಿನವೇ ಮೈಸೂರಿನ ಡಾಕ್ಟರ ಬಳಿಗೆ ಕರೆದೊಯ್ದರು. ಮಾತ್ರೆ ಮತ್ತೆ ಶುರುವಾಯಿತು, ಕೆನ್ನೆ ದುಂಡಗೇ ಉಳಿಯಿತು.

ಮನೆಯ ಹಿಂದಿನ ಗೋಡೆ ಬಿದ್ದಿದ್ದರಿಂದ ನಾವು ತಿ. ನರಸೀಪುರಕ್ಕೆ, ಸೋದರತ್ತೆಯ ಮನೆಗೆ ಹೋದೆವು. ಅಪ್ಪ ಅಲ್ಲಿಂದಲೇ ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ಹೊಸ ಶಾಲೆಯಲ್ಲಿ ಪಕ್ಕಕ್ಕೆ ಬಂದು ಕೂತ ಹುಡುಗಿ ನನ್ನ ಹಳೆಯ ಮುಖ ಕಂಡವಳಲ್ಲ. ಹೆಸರು ಕೇಳಿದಳು. ಹೇಳಿದೆ.